ಗೂಬೆಯ ಹೆಸರು ಹೇಳುವ ಮುಂಚೆ: ಗ್ರೀಕ್ ಬೆಳ್ಳಿ ನಾಣ್ಯದ ಚಿತ್ರ ಓದುವ ಬಗೆ

ನನ್ನ ಮೇಜಿನ ಡ್ರಾಯರಿನಲ್ಲಿ ಒಂದು ಗೂಬೆ ಇದೆ. ಕಳ್ಳಗೂಬೆ. ಬಹಳ ವರ್ಷಗಳ ಹಿಂದೆ ಒಂದು ನಾಣ್ಯ ಪ್ರದರ್ಶನದಲ್ಲಿ ಕೊಂಡದ್ದು. ಒಂದು ಬದಿಗೆ ಶಿರಸ್ತ್ರಾಣ ತೊಟ್ಟ ಗ್ರೀಕ್ ದೇವತೆ ಅಥೆನಾ, ಇನ್ನೊಂದು ಬದಿಗೆ ದುರುಗುಟ್ಟಿ ನೋಡುವ ಗೂಬೆ. ಅಂಗಡಿಯವನು ಬಾಯಿ ತೆರೆಯುವ ಮೊದಲೇ 'ಅಥೆನ್ಸಿನದು!' ಎಂದು ನಾನೇ ಕೂಗಿದ್ದೆ. ಗೊತ್ತಿದ್ದ ಹೆಸರು ಬಾಯಿಗೆ ಬಂದ ಖುಷಿಯಲ್ಲಿ ಉಳಿದದ್ದೇನೂ ಕಣ್ಣಿಗೆ ಬೀಳಲಿಲ್ಲ. ಮನೆಗೆ ಬಂದು ತೂಗಿದರೆ 14 ಗ್ರಾಂ ಚಿಲ್ಲರೆ. ಇರಬೇಕಾದದ್ದು 17 ದಾಟಿ. ಅಂಚಿನ ಸುತ್ತ ಕೂದಲೆಳೆಯಷ್ಟು ತೆಳುವಾದ ಗೆರೆ, ಎರಡು ಅರ್ಧ ಕೂಡಿಸಿ ಎರಕ ಹೊಯ್ದ ಗುರುತು.

ಅವತ್ತಿನಿಂದ ನನಗೊಂದು ಕ್ರಮ ರೂಢಿಯಾಯಿತು. ಯಾವ ದೇವರು, ಯಾವ ಊರು ಎಂಬ ಪ್ರಶ್ನೆ ಕೊನೆಗೆ. ಮೊದಲು ಈ ಚಿತ್ರ ಬೆಳ್ಳಿಯ ಮೇಲೆ ಹೇಗೆ ಬಂತು, ಆಮೇಲೆ ಏನಿದೆ, ಆಮೇಲೆ ಯಾಕಿದೆ. ಗ್ರೀಕ್ ನಾಣ್ಯದ ವಿನ್ಯಾಸದಲ್ಲಿ ಅರ್ಧ ಪಾಲು ಸುತ್ತಿಗೆಯ ಏಟು ಹೇಳಿದ್ದು. ಇನ್ನರ್ಧ ಮಾತ್ರ ಕಲಾವಿದ ಹೇಳಿದ್ದು. ಆ ಕ್ರಮವನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ.

ನಾಣ್ಯ ಕೊಳ್ಳಲೇಬೇಕೆಂದಿಲ್ಲ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ, ನ್ಯೂಯಾರ್ಕಿನ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿ, ಬರ್ಲಿನ್ನಿನ ನಾಣ್ಯ ಸಂಗ್ರಹಾಲಯ ಇವೆಲ್ಲ ತಮ್ಮ ನಾಣ್ಯಗಳ ಎರಡೂ ಬದಿಯ ಫೋಟೋಗಳನ್ನು ತೂಕ, ಅಳತೆ ಸಮೇತ ಅಂತರ್ಜಾಲದಲ್ಲಿ ಪುಕ್ಕಟೆ ಇಟ್ಟಿವೆ. ಕೈಯಲ್ಲಿ ನಾಣ್ಯವಿದ್ದರೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ (ಒಡವೆ ಅಂಗಡಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥದ್ದು), ಒಂದು ಸಣ್ಣ ಡಿಜಿಟಲ್ ತಕ್ಕಡಿ, ಪಕ್ಕದಿಂದ ಬೆಳಕು ಬೀಳುವ ಹಾಗೆ ತಿರುಗಿಸಬಹುದಾದ ದೀಪ ಸಾಕು. ಇವೆಲ್ಲಕ್ಕಿಂತ ಮುಖ್ಯವಾದದ್ದು ಪೆನ್ಸಿಲ್ಲು ಮತ್ತು ಕಾಗದ. ಚಿತ್ರ ಬರೆಯಲು ಬರದಿದ್ದರೂ ಪರವಾಗಿಲ್ಲ, ಒಂದು ಸಲ ಬರೆದು ನೋಡಿ. ಗೂಬೆಗೆ ಎಷ್ಟು ಬೆರಳು, ಆಲಿವ್ ಕಡ್ಡಿಗೆ ಎಷ್ಟು ಎಲೆ ಎಂದು ಕಣ್ಣು ತಾನಾಗಿಯೇ ಎಣಿಸತೊಡಗುತ್ತದೆ.

ಹೆಜ್ಜೆ 1: ತೂಕ

ಅಥೆನ್ಸಿನ ಲೆಕ್ಕದಲ್ಲಿ ಒಂದು ಡ್ರಾಕ್ಮಾ ಸುಮಾರು 4.3 ಗ್ರಾಂ. ಅದರ ಆರನೇ ಒಂದು ಪಾಲು ಓಬಲ್, 0.72 ಗ್ರಾಂ. ನಾವು ಫೋಟೋಗಳಲ್ಲಿ ಹೆಚ್ಚಾಗಿ ನೋಡುವ ದಪ್ಪ ಗೂಬೆ ನಾಲ್ಕು ಡ್ರಾಕ್ಮಾದ್ದು, 17.2 ಗ್ರಾಂ. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ ಒಂದು ತೊಲ, ಅಂದರೆ 11.66 ಗ್ರಾಂ, ಅಜ್ಜಿಯ ಪೆಟ್ಟಿಗೆಯಲ್ಲಿ ಅದನ್ನು ಕಂಡವರಿಗೆ ಗೂಬೆ ಅದರ ಒಂದೂವರೆ ಪಟ್ಟು ಭಾರ ಎಂದರೆ ಅಂದಾಜು ಸಿಕ್ಕೀತು. ಆದರೆ ಅಗಲ ಒಂದು ಇಂಚಿಗಿಂತ ಕಡಿಮೆ. ಹಾಗಾಗಿ ಅದು ಬಿಲ್ಲೆಗಿಂತ ಹೆಚ್ಚಾಗಿ ಉಂಡೆ ಒತ್ತಿದ ಹಾಗೆ ಕಾಣುತ್ತದೆ.

ಎಲ್ಲ ಊರಿಗೂ ಒಂದೇ ತೂಕವಿರಲಿಲ್ಲ. ಏಜಿನಾ ದ್ವೀಪದ ಆಮೆ ನಾಣ್ಯ 12.2 ಗ್ರಾಂ ಆಸುಪಾಸು, ಕಾರಿಂತ್ ಎಂಬ ಊರಿನ ರೆಕ್ಕೆಕುದುರೆ ನಾಣ್ಯ 8.6. ತೂಕ ನೋಡಿಯೇ ಊರಿನ ಅಂದಾಜು ಮಾಡುವವರಿದ್ದಾರೆ. ಹೆಸರುಗಳ ಹುಟ್ಟೂ ಸೊಗಸು: ಓಬಲ್ ಎಂದರೆ ಮಾಂಸ ಸುಡುವ ಕಬ್ಬಿಣದ ಸಲಾಕೆ, ಡ್ರಾಕ್ಮಾ ಎಂದರೆ ಹಿಡಿ, ಅಂಥ ಆರು ಸಲಾಕೆ ಹಿಡಿದ ಒಂದು ಹಿಡಿ. ಅದೇ ಡ್ರಾಕ್ಮಾ ಪೂರ್ವಕ್ಕೆ ಬಂದು ಸಂಸ್ಕೃತದಲ್ಲಿ ದ್ರಮ್ಮವಾಯಿತು. ರಾಷ್ಟ್ರಕೂಟರ ಕಾಲದ ಶಾಸನಗಳಲ್ಲಿ ದತ್ತಿಯ ಲೆಕ್ಕ ಬರುವಲ್ಲಿ ಆ ದ್ರಮ್ಮ ಸಿಗುತ್ತದೆ.

ಹೆಜ್ಜೆ 2: ಯಾವ ಬದಿ ಅಡಿಗಲ್ಲಿನಲ್ಲಿತ್ತು?

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಕಮ್ಮಟದಲ್ಲಿ, ಅಂದರೆ ಟಂಕಸಾಲೆಯಲ್ಲಿ, ನಡೆಯುತ್ತಿದ್ದ ಕೆಲಸ ಹೀಗೆ. ಒಂದು ಅಚ್ಚನ್ನು ಅಡಿಗಲ್ಲಿನಲ್ಲಿ (ಕಮ್ಮಾರ ಲೋಹವಿಟ್ಟು ಬಡಿಯುವ ಗಟ್ಟಿ ದಿಮ್ಮಿ) ಕೂರಿಸುತ್ತಿದ್ದರು. ಇನ್ನೊಂದು ಅಚ್ಚನ್ನು ದಪ್ಪ ಮೊಳೆಯಂಥ ಲೋಹದ ತುಂಡಿನ ತುದಿಗೆ ಕೆತ್ತಿರುತ್ತಿದ್ದರು. ತೂಕ ಸರಿಮಾಡಿ ಕಾಯಿಸಿದ ಬೆಳ್ಳಿಯ ತುಂಡನ್ನು ಇಕ್ಕಳದಲ್ಲಿ ಹಿಡಿದು ಅಡಿಗಲ್ಲಿನ ಮೇಲಿಟ್ಟು, ಅದರ ಮೇಲೆ ಮೊಳೆಯಚ್ಚು ನಿಲ್ಲಿಸಿ, ಸುತ್ತಿಗೆಯಿಂದ ಬಡಿಯುವುದು. ಕೆಳಗಿನ ಅಚ್ಚಿನಿಂದ ಮೂಡಿದ್ದು ಮುಂಬದಿ, ಮೇಲಿನ ಮೊಳೆಯಿಂದ ಮೂಡಿದ್ದು ಹಿಂಬದಿ.

ಈಗ ನಾಣ್ಯವನ್ನು ಓರೆಯಾಗಿ ಹಿಡಿದು ನೋಡಿ. ಮುಂಬದಿ ಸ್ವಲ್ಪ ಉಬ್ಬು, ಹಿಂಬದಿ ಸ್ವಲ್ಪ ತಗ್ಗು. ಹೆಬ್ಬೆರಳಲ್ಲಿ ಸವರಿದರೂ ತಿಳಿಯುತ್ತದೆ. ಗೂಬೆಯ ಸುತ್ತ ಒಂದು ಚೌಕದ ಹಳ್ಳ ಕಾಣುತ್ತದಲ್ಲ, ಬಹಳ ಜನ ಅದನ್ನು ಚೌಕಟ್ಟಿನ ಅಲಂಕಾರ ಎಂದುಕೊಳ್ಳುತ್ತಾರೆ. ಅದು ಮೊಳೆಯಚ್ಚಿನ ನಾಲ್ಕು ಅಂಚು ಬೆಳ್ಳಿಯೊಳಗೆ ಇಳಿದ ಗುರುತು. ಏಜಿನಾದ ಹಳೆಯ ಆಮೆಗಳನ್ನು ತಿರುಗಿಸಿದರೆ ಹಿಂಬದಿಗೆ ಚಿತ್ರವೇ ಇಲ್ಲ, ಹೋಳುಹೋಳಾದ ಬರಿಯ ಹಳ್ಳ. ಬೆಳ್ಳಿ ಜಾರದಂತೆ ಮೊಳೆ ಕಚ್ಚಿ ಹಿಡಿಯಬೇಕಿತ್ತು, ಅಷ್ಟೇ ಅದರ ಕೆಲಸ. ಆ ಹಳ್ಳದೊಳಗೆ ಜಾಗ ವ್ಯರ್ಥವಾಗಿದೆಯಲ್ಲ, ಅಲ್ಲೂ ಒಂದು ಚಿತ್ರ ಕೆತ್ತಿದರೆ ಹೇಗೆ ಎಂದು ಯಾರಿಗೋ ಹೊಳೆದಾಗ ನಾಣ್ಯಕ್ಕೆ ಎರಡನೇ ಮುಖ ಬಂತು. ಇವತ್ತು ನಮ್ಮ ಜೇಬಿನಲ್ಲಿರುವ ಪ್ರತಿ ನಾಣ್ಯಕ್ಕೂ ಎರಡು ಚಿತ್ರವಿರುವುದು ಅಲ್ಲಿಂದ ಬಂದ ರೂಢಿ.

ಏಟು ನೇರವಾಗಿ ಬೀಳುತ್ತಿದ್ದದ್ದು ಮೊಳೆಗೆ. ಅದು ಬೇಗ ಬಿರಿಯುತ್ತಿತ್ತು, ಬೇಗ ಬದಲಾಗುತ್ತಿತ್ತು. ಅಡಿಗಲ್ಲಿನಲ್ಲಿ ಹುದುಗಿದ್ದ ಅಚ್ಚು ಹೆಚ್ಚು ದಿನ ಬಾಳುತ್ತಿತ್ತು. ಒಂದೇ ಮುಂಬದಿಗೆ ಹಲವು ಹಿಂಬದಿಗಳು ಜೊತೆಯಾಗಿರುವ ನಾಣ್ಯಗಳನ್ನು ಸಾಲಾಗಿ ಜೋಡಿಸಿಯೇ ವಿದ್ವಾಂಸರು ಯಾವುದು ಮೊದಲು, ಯಾವುದು ಆಮೇಲೆ ಎಂದು ತೀರ್ಮಾನಿಸುವುದು.

ಈ ನಿಯಮಕ್ಕೆ ಹೊರತಾದ ಒಂದು ಚೆಂದದ ಗುಂಪು ಇಟಲಿಯ ದಕ್ಷಿಣದ ಗ್ರೀಕ್ ಊರುಗಳದ್ದು: ಮೆಟಪಾಂಟಮ್, ಕ್ರೋಟಾನ್, ಸಿಬರಿಸ್. ಕ್ರಿ.ಪೂ. 6ನೇ ಶತಮಾನದ ಇವರ ನಾಣ್ಯ ಅಗಲ, ತೆಳು. ಮುಂಬದಿಯಲ್ಲಿ ಉಬ್ಬಿದ ಚಿತ್ರವೇ ಹಿಂಬದಿಯಲ್ಲಿ ತಗ್ಗಾಗಿ ಇರುತ್ತದೆ, ತಗಡಿಗೆ ಅಚ್ಚೊತ್ತಿದ ಹಾಗೆ. ಆದರೆ ತಗಡಿನ ಕೆಲಸವಲ್ಲ. ಎರಡು ಬೇರೆ ಅಚ್ಚುಗಳನ್ನು ಒಂದಕ್ಕೊಂದು ಕರಾರುವಾಕ್ಕಾಗಿ ಎದುರುಬದುರು ಹಿಡಿದು ಬಡಿದದ್ದು. ಎಂಥ ಕೈ ಇದ್ದಿರಬೇಕು!

ಹೆಜ್ಜೆ 3: ಪ್ರಾಣಿ, ಗಿಡ, ಕಾಳು

ಈಗ ಚಿತ್ರಕ್ಕೆ ಬರೋಣ. ತಲೆಯ ಚಿತ್ರವಿರುವ ಬದಿಯನ್ನು ಸದ್ಯಕ್ಕೆ ಬಿಡಿ. ಪ್ರಾಣಿಯೋ ಗಿಡವೋ ಇರುವ ಬದಿ ನೋಡಿ. ಊರು ತನ್ನ ಸಹಿ ಹಾಕುತ್ತಿದ್ದದ್ದು ಹೆಚ್ಚಾಗಿ ಅಲ್ಲಿ. ಇದಕ್ಕೆ ಮೂರು ಪ್ರಶ್ನೆ ಕೇಳುತ್ತೇನೆ.

ಮೊದಲನೆಯದು, ಇದು ಹೆಸರಿನ ಶ್ಲೇಷೆಯೇ? ಗ್ರೀಕರಿಗೆ ಈ ಚಪಲ ಬಹಳ. ರೋಡ್ಸ್ ದ್ವೀಪದ ನಾಣ್ಯದಲ್ಲಿ ಗುಲಾಬಿ, ಏಕೆಂದರೆ ಗ್ರೀಕಿನಲ್ಲಿ ಗುಲಾಬಿಗೆ 'ರೋಡಾನ್'. ಸಿಸಿಲಿಯ ಸೆಲಿನಸ್ ಊರಿನದ್ದರಲ್ಲಿ ಕಾಡು ಸೆಲರಿಯ ಎಲೆ, ಅದು 'ಸೆಲಿನಾನ್'. ಲಿಯಾಂಟಿನಿಯಲ್ಲಿ ಬಾಯಿ ತೆರೆದ ಸಿಂಹದ ತಲೆ, ಸುತ್ತ ನಾಲ್ಕು ಜವೆಗೋಧಿ ಕಾಳು. 'ಲಿಯಾನ್' ಎಂದರೆ ಸಿಂಹ. ಇವುಗಳಲ್ಲಿ ನನಗೆ ಅತಿ ಇಷ್ಟದ್ದು ಜಾಂಕ್ಲೆ, ಇವತ್ತಿನ ಮೆಸ್ಸೀನಾ. ಆ ಊರಿನ ಬಂದರು ಸಮುದ್ರಕ್ಕೆ ಬಾಗಿಕೊಂಡ ಭೂಶಿರದೊಳಗಿದೆ, ಥೇಟು ಕುಡುಗೋಲು. ಕುಡುಗೋಲಿಗೆ ಅಲ್ಲಿಯವರ ಮಾತಿನಲ್ಲಿ 'ಜಾಂಕ್ಲಾನ್'. ನಾಣ್ಯದಲ್ಲಿ ಕುಡುಗೋಲಿನ ಬಾಗು, ಅದರ ಮಡಿಲಲ್ಲಿ ಒಂದು ಡಾಲ್ಫಿನ್. ಬಂದರಿನ ನಕ್ಷೆ, ಊರಿನ ಹೆಸರು, ಕಡಲಿನ ಸುಳಿವು ಮೂರೂ ಉಗುರಿನಗಲದ ಜಾಗದಲ್ಲಿ ಮುಗಿದವು.

ಎರಡನೆಯದು, ಇದು ಊರಿನ ಬೆಳೆಯೇ? ಮೆಟಪಾಂಟಮಿನ ಜವೆಗೋಧಿ ತೆನೆ ಹೀಗೆ. ಗದ್ದೆ ಬದುಕು ಕಂಡವರು ಆ ತೆನೆಯನ್ನು ಮಸೂರದಲ್ಲಿ ನೋಡಬೇಕು: ಕಾಳುಗಳು ಎರಡೂ ಕಡೆ ಒತ್ತಾಗಿ ಜೋಡಿಸಿವೆ, ಪ್ರತಿ ಕಾಳಿನಿಂದ ಮುಳ್ಳಿನಂಥ ಮೀಸೆ ಹೊರಟಿದೆ. ಕೆಲವು ನಾಣ್ಯಗಳಲ್ಲಿ ಪಕ್ಕದ ಎಲೆಯ ಮೇಲೆ ಒಂದು ಮಿಡತೆ, ಇನ್ನು ಕೆಲವದರಲ್ಲಿ ಇಲಿ. ಬೆಳೆ ಇದ್ದಲ್ಲಿ ಇಲಿ ಇದ್ದೇ ಇರುತ್ತದಲ್ಲ. ಉತ್ತರ ಆಫ್ರಿಕಾದ ಸೈರೀನ್ ಊರು ತನ್ನ ನಾಣ್ಯದ ಮೇಲೆ ಸಿಲ್ಫಿಯಮ್ ಎಂಬ ಗಿಡ ಇಟ್ಟಿತು. ಔಷಧಿಗೂ ಅಡುಗೆಗೂ ಬಳಸುತ್ತಿದ್ದ ಆ ಗಿಡವನ್ನು ಮಾರಿಯೇ ಊರು ದುಡ್ಡು ಮಾಡಿತು. ಗಿಡ ಇವತ್ತು ಆ ನೆಲದಲ್ಲಿ ಕಾಣಸಿಗದು. ಅದರ ದಪ್ಪ ಕಾಂಡ, ಜೋಡಿ ಎಲೆ, ತುದಿಯ ಹೂಗೊಂಚಲು ಹೇಗಿತ್ತೆಂದು ನೋಡಲು ಈ ಬೆಳ್ಳಿಯೇ ಗತಿ.

ಮೂರನೆಯದು, ಇದು ಊರ ದೇವರ ಪ್ರಾಣಿಯೇ? ಅಥೆನ್ಸಿನ ಗೂಬೆ ಈ ಜಾತಿಯದು, ಅಥೆನಾಳ ಹಕ್ಕಿ. ಅದು ಪುಟ್ಟ ಗೂಬೆ. ಜೀವಶಾಸ್ತ್ರದವರು ಅದರ ಕುಲಕ್ಕೆ 'ಅಥೆನೆ' ಎಂದೇ ಹೆಸರಿಟ್ಟಿದ್ದಾರೆ. ನಮ್ಮ ಊರುಗಳ ಹುಣಸೆ ಮರದ ಪೊಟರೆಯಲ್ಲಿ ಕೂತು ಮುಸ್ಸಂಜೆಗೆ ಕಿಚಕಿಚ ಎನ್ನುವ ಹಾಲಕ್ಕಿ ಇದೆಯಲ್ಲ, ಬುಡುಬುಡಿಕೆಯವನು 'ಹಾಲಕ್ಕಿ ನುಡೀತೈತೆ' ಎಂದು ಶಕುನ ಹೇಳುತ್ತಾನಲ್ಲ, ಅದೂ ಇದೇ ಕುಲ. ನಾಣ್ಯದ ಗೂಬೆ ಅಷ್ಟು ಗುಂಡಗೆ, ತಲೆ ದಪ್ಪಗೆ ಯಾಕಿದೆ ಎಂದು ಕೇಳುವವರು ಒಂದು ಸಂಜೆ ಹಾಲಕ್ಕಿಯನ್ನು ನೋಡಿದರೆ ಸಾಕು. ಮೈ ಒಂದು ಕಡೆಗೆ, ಮುಖ ಮಾತ್ರ ನಮ್ಮ ಕಡೆಗೆ ತಿರುಗಿಸಿ ದಿಟ್ಟಿಸುವ ಭಂಗಿಯೂ ಅದೇ.

ಪ್ರಾಣಿ ಒಂದೇ ಆದರೂ ವಿವರ ಬದಲಾಗುತ್ತದೆ, ಅದನ್ನೂ ಗಮನಿಸಿ. ಏಜಿನಾದ ಹಳೆಯ ನಾಣ್ಯದಲ್ಲಿರುವುದು ಕಡಲಾಮೆ: ನುಣುಪು ಬೆನ್ನು, ನಡುವೆ ಚುಕ್ಕೆಗಳ ಸಾಲು, ಈಜುವ ಕಾಲು. ಕ್ರಿ.ಪೂ. 5ನೇ ಶತಮಾನದ ನಡುವಿನ ನಂತರ ಅದು ನೆಲಾಮೆಯಾಗುತ್ತದೆ: ಬೆನ್ನ ಮೇಲೆ ಹೆಂಚು ಹೊದಿಸಿದಂಥ ಬಿಲ್ಲೆಗಳು. ಅಥೆನ್ಸ್ ಆ ದ್ವೀಪದ ನೌಕಾಬಲ ಮುರಿದದ್ದೂ ಆ ಕಾಲದಲ್ಲೇ. ಕಡಲು ಕೈಬಿಟ್ಟ ಮೇಲೆ ಆಮೆ ದಡ ಹತ್ತಿತು ಎಂದು ಸಂಗ್ರಾಹಕರು ತಮಾಷೆ ಮಾಡುವುದುಂಟು. ಕತೆ ಚೆನ್ನಾಗಿದೆ, ಆದರೆ ಕತೆಯಷ್ಟೇ ಎಂದು ನನ್ನ ಅನಿಸಿಕೆ.

ಅಂದ ಹಾಗೆ, ಜನ ನಾಣ್ಯವನ್ನು ಕರೆಯುತ್ತಿದ್ದದ್ದೂ ಪ್ರಾಣಿಯ ಹೆಸರಿನಿಂದಲೇ. ಅಥೆನ್ಸಿನದು 'ಗೂಬೆ', ಏಜಿನಾದ್ದು 'ಆಮೆ', ಕಾರಿಂತಿನದು 'ಮರಿಗುದುರೆ'. ವರಾಹ ಎಂಬ ಹೊನ್ನಿನ ನಾಣ್ಯದ ಹೆಸರು ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೆಜ್ಜೆ 4: ತಲೆ ಬೇಡ, ತಲೆಯ ಮೇಲಿರುವುದನ್ನು ನೋಡಿ

ಮುಖ ನೋಡಿ ದೇವರನ್ನು ಗುರುತಿಸಲು ಹೋದರೆ ಸೋಲು ಖಚಿತ. ಎಲ್ಲರೂ ಒಂದೇ ತರಹ ಚೆಲುವರು. ತಲೆಯ ಮೇಲಿನದು ಸುಳ್ಳು ಹೇಳುವುದಿಲ್ಲ. ತುರಾಯಿ ಇರುವ ಶಿರಸ್ತ್ರಾಣವಾದರೆ ಅಥೆನಾ. ಕಾರಿಂತಿನ ನಾಣ್ಯದಲ್ಲಿ ಅದೇ ಅಥೆನಾ ಮುಖ ಮುಚ್ಚುವ ಜಾತಿಯ ಶಿರಸ್ತ್ರಾಣವನ್ನು ಹಿಂದಕ್ಕೆ ಸರಿಸಿ ತೊಟ್ಟಿರುತ್ತಾಳೆ. ಹಣೆಯ ಮೇಲೆ ಎರಡು ಖಾಲಿ ಕಣ್ತೂತು ಕಂಡರೆ ಗಾಬರಿ ಬೇಡ. ಸಿಂಹದ ತೊಗಲು, ಅದರ ಕೋರೆಹಲ್ಲು ಕೆನ್ನೆಯ ಮೇಲೆ: ಹೆರಾಕ್ಲೀಸ್. ಗಡ್ಡವಿದ್ದು ಎಲೆಯ ಕಿರೀಟವಿದ್ದರೆ ಹೆಚ್ಚಾಗಿ ಜ್ಯೂಸ್, ಗಡ್ಡವಿಲ್ಲದಿದ್ದರೆ ಅಪೊಲೊ. ಐವಿ ಬಳ್ಳಿ ಸುತ್ತಿದ್ದರೆ ಡಯೊನೈಸಸ್. ಎದುರು ಮುಖ, ಸುತ್ತ ಕಿರಣದಂತೆ ಹಾರುವ ಕೂದಲು, ಹಿಂದೆ ಗುಲಾಬಿ: ರೋಡ್ಸಿನ ಸೂರ್ಯದೇವ ಹೀಲಿಯೊಸ್.

ಬರಿಯ ಒಂದು ಪಟ್ಟಿ, ಹಿಂದೆ ಗಂಟು ಹಾಕಿ ಎರಡು ತುದಿ ಇಳಿಬಿಟ್ಟಿದ್ದರೆ ಅದು ದೇವರಲ್ಲ, ರಾಜ. ಗ್ರೀಕ್ ನಾಣ್ಯದಲ್ಲಿ ರಾಜರ ಮುಖ ರೂಢಿಗೆ ಬಂದದ್ದು ಅಲೆಕ್ಸಾಂಡರ್ ಸತ್ತ ಮೇಲೆ. ಅವನ ಸ್ವಂತ ನಾಣ್ಯದಲ್ಲಿ ಇರುವುದು ಹೆರಾಕ್ಲೀಸ್. ಅದು ಅಲೆಕ್ಸಾಂಡರನದೇ ಮುಖ ಎಂದು ಮಾರುವವರು ಹೇಳುತ್ತಾರೆ, ಬೆಲೆ ಏರಿಸಲು ಅನುಕೂಲ. ಅವನ ಮುಖ ನೋಡಬೇಕಾದರೆ ಅವನ ಸೇನಾನಿ ಲೈಸಿಮಾಕಸ್ ಮುಂದೆ ಹೊರಡಿಸಿದ ನಾಣ್ಯ ನೋಡಿ: ಕಿವಿಯ ಮೇಲೆ ಸುರುಳಿ ಸುತ್ತಿದ ಟಗರಿನ ಕೊಂಬು. ಟಗರುಕೊಂಬಿನ ದೇವರು ಅಮ್ಮೋನನ ಮಗ ಎಂಬುದರ ಗುರುತು ಅದು.

ಹೆಜ್ಜೆ 5: ದುಂಡನೆಯ ಜಾಗವನ್ನು ತುಂಬಿದ ಬಗೆ

ಇದಕ್ಕೆ ಸಿಸಿಲಿಯ ಸಿರಾಕ್ಯೂಸಿಗೇ ಹೋಗಬೇಕು. ಕ್ರಿ.ಪೂ. 5ನೇ ಶತಮಾನದ ಕೊನೆಗೆ ಅಲ್ಲಿ ಹತ್ತು ಡ್ರಾಕ್ಮಾದ, ಸುಮಾರು 43 ಗ್ರಾಂ ತೂಗುವ ನಾಣ್ಯ ಹೊಡೆದರು. ಅದರ ಒಂದು ಬದಿಯಲ್ಲಿ ನಾಲ್ಕು ಕುದುರೆಯ ರಥ. ನಾಲ್ಕು ಕುದುರೆಯನ್ನು ಪಕ್ಕದಿಂದ ತೋರಿಸುವುದು ತಲೆನೋವಿನ ಕೆಲಸ, ಒಂದರ ಹಿಂದೆ ಒಂದು ಮುಚ್ಚಿಹೋಗುತ್ತವೆ. ನೂರು ವರ್ಷ ಹಿಂದಿನ ಸಿರಾಕ್ಯೂಸ್ ನಾಣ್ಯದಲ್ಲಿ ಕೆತ್ತುವವರು ಕುದುರೆಯ ಹೊರಗೆರೆಯನ್ನೇ ಎರಡೆರಡು ಸಲ ಎಳೆದು 'ಇದರ ಹಿಂದೆ ಇನ್ನೊಂದಿದೆ, ನಂಬಿ' ಎಂದಿದ್ದರು. ಕುದುರೆಗಳು ಆಗ ನಡೆಯುತ್ತಿದ್ದವು. ಈಗ ಓಡುತ್ತಿವೆ, ತಲೆಗಳು ಒಂದೊಂದು ದಿಕ್ಕಿಗೆ, ಎತ್ತಿದ ಕಾಲುಗಳು ಬೀಸಣಿಗೆಯ ಹಾಗೆ ಬಿಚ್ಚಿಕೊಂಡಿವೆ.

ಕುದುರೆಗಳ ಬೆನ್ನ ಮೇಲೆ ಖಾಲಿ ಉಳಿದ ಅರ್ಧಚಂದ್ರದ ಜಾಗಕ್ಕೆ ವಿಜಯದೇವಿ ನೈಕಿ ಹಾರಿಬಂದು ಸಾರಥಿಗೆ ಹಾರ ಹಿಡಿದಿದ್ದಾಳೆ. ಕೆಳಗೆ ನೆಲದ ಗೆರೆ, ಅದರ ಕೆಳಗೆ ಉಳಿದ ಸಣ್ಣ ಪಟ್ಟಿಯಲ್ಲಿ ಗುರಾಣಿ, ಎದೆಕವಚ, ಕಾಲ್ಕವಚ, ಶಿರಸ್ತ್ರಾಣ ಸಾಲಾಗಿ ಇಟ್ಟಿದ್ದಾರೆ. ಕೆಲವದರಲ್ಲಿ ಪಕ್ಕದಲ್ಲೇ 'ಅಥ್ಲಾ' ಎಂಬ ಬರಹ, ಬಹುಮಾನ ಎಂದರ್ಥ. ಯಾವುದೇ ಗ್ರೀಕ್ ನಾಣ್ಯ ಸಿಕ್ಕರೂ ಹೀಗೆ ನೋಡಿ: ಮುಖ್ಯ ಚಿತ್ರ ಬಿಟ್ಟು ಉಳಿದ ಖಾಲಿ ಜಾಗದ ಆಕಾರ ಯಾವುದು, ಅದಕ್ಕೆ ಏನು ತುಂಬಿದ್ದಾರೆ?

ರಥದ ಹಿಂದಿನ ಬದಿಗೆ ಒಬ್ಬ ಹೆಣ್ಣಿನ ತಲೆ, ಸುತ್ತ ನಾಲ್ಕು ಡಾಲ್ಫಿನ್. ಅರೆಥ್ಯೂಸಾ ಎಂಬ ಜಲಕನ್ಯೆ ಇವಳು ಎನ್ನುವವರು ಹೆಚ್ಚು. ಕೂದಲಲ್ಲಿ ಪೈರಿನ ಎಲೆ ಮುಡಿದದ್ದು ಪೈರಿನ ದೇವಿ ಪರ್ಸೆಫನಿ ಎನ್ನುವವರೂ ಇದ್ದಾರೆ. ಅರೆಥ್ಯೂಸಾಳ ಕತೆ ಗೊತ್ತಿದ್ದರೆ ಡಾಲ್ಫಿನ್ನುಗಳು ಅರ್ಥವಾಗುತ್ತವೆ. ಗ್ರೀಸಿನ ನದಿದೇವ ಆಲ್ಫಿಯೊಸ್ ಅವಳ ಬೆನ್ನು ಹತ್ತಿದ. ಅವಳು ಕಡಲಿನಡಿ ಹರಿದು ಬಂದು ಸಿರಾಕ್ಯೂಸಿನ ಆರ್ಟಿಜಿಯಾ ದ್ವೀಪದಲ್ಲಿ ಸಿಹಿನೀರಿನ ಬುಗ್ಗೆಯಾಗಿ ಎದ್ದಳು. ಆ ಬುಗ್ಗೆ ಈಗಲೂ ಇದೆ, ಸಮುದ್ರದಿಂದ ಕೂಗಳತೆಯಲ್ಲಿ. ನಾಣ್ಯದಲ್ಲಿ ನಡುವೆ ಸಿಹಿನೀರು, ಸುತ್ತ ಉಪ್ಪುನೀರು.

ಕೆತ್ತಿದವರ ಹೆಸರೂ ಇದೆ: ಕಿಮೋನ್, ಎವೈನೆಟೊಸ್. ಸಹಿಯನ್ನು ಹುಡುಕಬೇಕು. ಕಿಮೋನ್ ಒಮ್ಮೊಮ್ಮೆ ಡಾಲ್ಫಿನ್ನಿನ ಮೈಮೇಲೆಯೇ ಬರೆದಿದ್ದಾನೆ, ಅಕ್ಷರ ಎಳ್ಳಿಗಿಂತ ಸಣ್ಣ. ಇವನೇ ನಾಲ್ಕು ಡ್ರಾಕ್ಮಾದ ಒಂದು ನಾಣ್ಯದಲ್ಲಿ ಅರೆಥ್ಯೂಸಾಳನ್ನು ಎದುರು ಮುಖವಾಗಿ ಕೆತ್ತಿದ. ಬೆರಗಾಗುವ ಕೆಲಸ. ಆದರೆ ನಾಣ್ಯ ಕೈಯಿಂದ ಕೈಗೆ ಹೋಗುವ ವಸ್ತು. ಎದುರು ಮುಖದಲ್ಲಿ ಎಲ್ಲಕ್ಕಿಂತ ಎತ್ತರ ಮೂಗು, ಸವೆಯುವುದೂ ಅದೇ ಮೊದಲು. ಪಕ್ಕದ ನೋಟದ ತಲೆಗಳೇ ಯಾಕೆ ಅಷ್ಟೊಂದು ಎಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಹೆಜ್ಜೆ 6: ಅಕ್ಷರ

ಗ್ರೀಕ್ ಕಲಿಯಬೇಕಿಲ್ಲ, ನಾಲ್ಕು ಅಕ್ಷರ ಗುರುತಿಸಿದರೆ ಬಹಳ ದೂರ ಸಾಗಬಹುದು. ಗೂಬೆಯ ಬಲಕ್ಕೆ ಮೇಲಿಂದ ಕೆಳಗೆ ಮೂರು ಅಕ್ಷರ: ಆಲ್ಫಾ, ಥೀಟಾ, ಎಪ್ಸಿಲಾನ್. ನಡುವಿನ ಥೀಟಾ ನೋಡಿದರೆ ಕನ್ನಡದವರಿಗೆ ನಗು ಬರಬೇಕು, ಸುತ್ತು ಹಾಕಿ ಒಳಗೊಂದು ಚುಕ್ಕೆ, ನಮ್ಮ 'ಠ'ದ ಅಣ್ಣನ ಹಾಗೆ. ಕಾರಿಂತಿನ ರೆಕ್ಕೆಕುದುರೆಯ ಹೊಟ್ಟೆಯ ಕೆಳಗೆ ಕೋಲಿನ ಮೇಲೆ ಸೊನ್ನೆ ಕೂರಿಸಿದಂಥ ಅಕ್ಷರವಿದೆ, ಅದು ಕೊಪ್ಪಾ. ಗ್ರೀಕರು ಬರವಣಿಗೆಯಲ್ಲಿ ಅದನ್ನು ಬಿಟ್ಟುಬಿಟ್ಟರೂ ಕಾರಿಂತಿನವರು ನಾಣ್ಯದಲ್ಲಿ ಬಿಡಲಿಲ್ಲ.

ಬರಹ ಉದ್ದವಿದ್ದರೆ ಕೊನೆ ನೋಡಿ. ಗ್ರೀಕ್ ನಾಣ್ಯ 'ಸಿರಾಕ್ಯೂಸ್' ಎನ್ನುವುದಿಲ್ಲ, 'ಸಿರಾಕ್ಯೂಸಿನವರ' ಎನ್ನುತ್ತದೆ. 'ಅಲೆಕ್ಸಾಂಡರ್' ಎನ್ನುವುದಿಲ್ಲ, 'ಅಲೆಕ್ಸಾಂಡರನ' ಎನ್ನುತ್ತದೆ. ಶುದ್ಧ ಷಷ್ಠೀ ವಿಭಕ್ತಿ. ಯಾರ ದುಡ್ಡು ಎಂಬುದಕ್ಕೆ ಉತ್ತರ ಅದು. ಊರಿನವರೆಲ್ಲರದೋ, ಒಬ್ಬ ರಾಜನದೋ ಎಂಬುದು ಒಂದು ಪ್ರತ್ಯಯದಲ್ಲಿ ತೀರ್ಮಾನವಾಗುತ್ತದೆ.

ಅಲೆಕ್ಸಾಂಡರನ ನಾಣ್ಯದ ಹಿಂಬದಿಯಲ್ಲಿ ಪೀಠದ ಮೇಲೆ ಕೂತ ಜ್ಯೂಸ್, ಕೈಯಲ್ಲಿ ಹದ್ದು. ಅವನ ಮುಂದೆ, ಪೀಠದ ಕೆಳಗೆ ಸಣ್ಣ ಗುರುತುಗಳಿರುತ್ತವೆ. ಯಾವ ಕಮ್ಮಟ ಎಂಬ ಸುಳಿವು ಅಲ್ಲಿ. ಗುಲಾಬಿ ಕಂಡರೆ ರೋಡ್ಸಿನವರು ಅವನು ಸತ್ತು ನೂರು ವರ್ಷ ದಾಟಿದ ಮೇಲೆ ಅವನ ಹೆಸರಲ್ಲೇ ಹೊಡೆದದ್ದು.

ಹೆಜ್ಜೆ 7: ಈಗ ಕಣ್ಣು

ಅಥೆನಾಳ ಕಣ್ಣಿಗೆ ಮಸೂರ ಹಿಡಿಯಿರಿ. ಮುಖ ಪಕ್ಕದ ನೋಟದ್ದು, ಕಣ್ಣು ಮಾತ್ರ ಎದುರಿನಿಂದ ನೋಡಿದ ಬಾದಾಮಿ. ಕೆತ್ತುವವನಿಗೆ ಬರುತ್ತಿರಲಿಲ್ಲ ಎನ್ನಬೇಡಿ. ಕ್ರಿ.ಪೂ. 447ರಿಂದ 432ರವರೆಗೆ ಅದೇ ಊರಿನ ಗುಡ್ಡದ ಮೇಲೆ ಅಥೆನಾಳ ಗುಡಿ ಪಾರ್ಥೆನಾನ್ ಏಳುತ್ತಿತ್ತು, ಕಲ್ಲಿನಲ್ಲಿ ಕುದುರೆಯ ನರ ಕೂಡ ಕಾಣುವ ಹಾಗೆ ಕೆತ್ತುವವರು ಅಲ್ಲಿದ್ದರು. ಕೆಳಗೆ ಕಮ್ಮಟದಲ್ಲಿ ಮಾತ್ರ ಅಜ್ಜನ ಕಾಲದ ಕಣ್ಣು, ಅಜ್ಜನ ಕಾಲದ ಸಣ್ಣ ನಗು. ಲಾರಿಯಾನ್ ಗಣಿಯ ಬೆಳ್ಳಿಯಿಂದ ಹೊಡೆದ ಈ ಗೂಬೆ ಈಜಿಪ್ಟಿನವರೆಗೆ, ಸಿರಿಯಾದವರೆಗೆ ಓಡಾಡುತ್ತಿತ್ತು. ದೂರದ ಊರಿನ ವ್ಯಾಪಾರಿಗೆ ಚಿತ್ರ ಚೆಂದವೋ ಅಲ್ಲವೋ ಬೇಕಿಲ್ಲ, ಹೋದ ಸಲದಂತೆಯೇ ಇರಬೇಕು. ಸಿರಾಕ್ಯೂಸಿಗೆ ನಾಣ್ಯ ಮೆರವಣಿಗೆ, ಅಥೆನ್ಸಿಗೆ ಅದು ಮೊಹರು.

ಹಾಗಾಗಿ ಗೂಬೆಗಳ ಕಾಲ ಹೇಳಲು ಸಣ್ಣ ಬದಲಾವಣೆಗಳನ್ನೇ ಹಿಡಿಯಬೇಕು. ಶಿರಸ್ತ್ರಾಣದ ಮೇಲೆ ಆಲಿವ್ ಎಲೆ ಇಲ್ಲದಿದ್ದರೆ ಬಹಳ ಹಳೆಯದು. ಪರ್ಷಿಯನ್ನರ ಜೊತೆಗಿನ ಯುದ್ಧಗಳ ನಂತರ ಮೂರು ಎಲೆ ನೆಟ್ಟಗೆ ನಿಂತವು, ಗೂಬೆಯ ಕತ್ತಿನ ಹಿಂದೆ ಆಲಿವ್ ಕಡ್ಡಿಯ ಪಕ್ಕ ಒಂದು ಚಂದ್ರನ ಕೊರೆ ಬಂತು. ಗೆದ್ದ ಯುದ್ಧದ ರಾತ್ರಿಯ ಚಂದ್ರ ಎನ್ನುವವರಿದ್ದಾರೆ, ರಾತ್ರಿ ಹಕ್ಕಿಗೆ ಜೊತೆ ಎನ್ನುವವರಿದ್ದಾರೆ. ಕಣ್ಣು ಪಕ್ಕದ ನೋಟಕ್ಕೆ ತಿರುಗಿದ್ದರೆ ಕ್ರಿ.ಪೂ. 4ನೇ ಶತಮಾನ. ನಾಣ್ಯ ಅಗಲವಾಗಿ ತೆಳುವಾಗಿ, ಗೂಬೆ ಒಂದು ಹೂಜಿಯ ಮೇಲೆ ನಿಂತು ಸುತ್ತ ಎಲೆಯ ಮಾಲೆ ಇದ್ದರೆ ಕ್ರಿ.ಪೂ. 2ನೇ ಶತಮಾನ ಅಥವಾ ಆಮೇಲಿನದು. ಹೂಜಿಯ ಮೈಮೇಲಿನ ಒಂಟಿ ಅಕ್ಷರ ತಿಂಗಳು ಹೇಳುತ್ತದೆ.

ಹೆಜ್ಜೆ 8: ಗಾಯ

ಒಂದು ಸರಳ ಸೂತ್ರ: ಉಬ್ಬಿದ ದೋಷ ಅಚ್ಚಿನದು, ತಗ್ಗಿನ ದೋಷ ನಾಣ್ಯದ್ದು. ಕೆನ್ನೆಯ ಮೇಲೆ ಉಬ್ಬಿದ ವಕ್ರ ಗೆರೆಯಿದ್ದರೆ ಅಚ್ಚು ಬಿರಿದಿತ್ತು. ಗೂಬೆಯ ತಲೆಯ ಮೇಲೆ ಉಳಿಯಿಂದ ಕಚ್ಚಿದಂಥ ಆಳ ಗಾಯವಿದ್ದರೆ ಯಾರೋ ಒಳಗೂ ಬೆಳ್ಳಿಯೇ ಇದೆಯೇ ಎಂದು ಕತ್ತರಿಸಿ ನೋಡಿದ್ದಾರೆ. ತಾಮ್ರಕ್ಕೆ ಬೆಳ್ಳಿ ಹೊದಿಸಿದ ಗೂಬೆಗಳು ಆಗಲೇ ಇದ್ದವು, ನಾನೇ ಮೊದಲ ಬೇಸ್ತುಗಾರನಲ್ಲ. ಕ್ರಿ.ಪೂ. 375ರ ಅಥೆನ್ಸಿನ ಒಂದು ಕಾನೂನು ಕಲ್ಲಿನ ಮೇಲೆ ಉಳಿದಿದೆ: ಪೇಟೆಯಲ್ಲಿ ಹಣದ ಮೇಜುಗಳ ನಡುವೆ ಕೂತ ಸರ್ಕಾರಿ ಗುಲಾಮ ನಾಣ್ಯ ಪರೀಕ್ಷಿಸಬೇಕು, ಒಳಗೆ ಕಂಚೋ ಸೀಸವೋ ಇದ್ದರೆ ಅಡ್ಡ ಕತ್ತರಿಸಿ ದೇವಮಾತೆಯ ಗುಡಿಗೆ ಒಪ್ಪಿಸಬೇಕು. ಒಳಗೂ ಬೆಳ್ಳಿ ಹೊಳೆಯುವ ಗಾಯವಾದರೆ ಅದು ಕಳಂಕವಲ್ಲ, ಸಾಕ್ಷಿ.

ಚಿತ್ರ ನಡುವಿಗೆ ಬರದಿದ್ದರೂ ಬೇಸರ ಬೇಡ. ಅಥೆನಾಳ ತುರಾಯಿ ಪೂರ್ತಿ ಬಿದ್ದ ನಾಣ್ಯ ಅಪರೂಪ, ಬಿದ್ದದ್ದಕ್ಕೆ ಬೆಲೆ ಹೆಚ್ಚು. ಆದರೆ ಎರಡು ನಾಣ್ಯ ಒಂದೇ ರೀತಿ ವಾಲಿ, ಅಂಚಿನ ಬಿರುಕೂ ಒಂದೇ ಜಾಗದಲ್ಲಿದ್ದರೆ ಹುಷಾರು. ಸುತ್ತಿಗೆ ಎರಡು ಸಲ ಒಂದೇ ಹಾಗೆ ಬೀಳದು. ಕೊಳ್ಳುವವರು, ವಿದೇಶದಲ್ಲಿರುವವರು ಇನ್ನೊಂದು ಮಾತು ನೆನಪಿಡಿ: ನೂರು ವರ್ಷ ದಾಟಿದ ನಾಣ್ಯ ನಮ್ಮ 1972ರ ಕಾಯ್ದೆಯ ಪ್ರಕಾರ ಪುರಾವಸ್ತು, ಇಲ್ಲಿಂದ ಖಾಸಗಿಯಾಗಿ ಹೊರಗೆ ಒಯ್ಯುವಂತಿಲ್ಲ.

ಒಂದು ಅಭ್ಯಾಸ

ಕಲಿತದ್ದನ್ನು ಪರೀಕ್ಷಿಸಲು ಗ್ರೀಕ್ ರಾಜ ಮೆನಾಂಡರನ ನಾಣ್ಯ ತೆಗೆದುಕೊಳ್ಳಿ. ಬೌದ್ಧ ಗ್ರಂಥಗಳಲ್ಲಿ ಬರುವ ರಾಜ ಮಿಲಿಂದ ಇವನೇ, ಕ್ರಿ.ಪೂ. 2ನೇ ಶತಮಾನದಲ್ಲಿ ವಾಯವ್ಯ ಭಾರತ ಆಳಿದವನು. ಕೋಲ್ಕತ್ತಾದ ಇಂಡಿಯನ್ ಮ್ಯೂಸಿಯಂನಲ್ಲೂ ಇಂಡೋ-ಗ್ರೀಕ್ ನಾಣ್ಯಗಳಿವೆ, ಅಂತರ್ಜಾಲದಲ್ಲಂತೂ ಬೇಕಾದಷ್ಟು.

ತೂಕ: 2.4 ಗ್ರಾಂ ಚಿಲ್ಲರೆ. ಅಥೆನ್ಸಿನ ಡ್ರಾಕ್ಮಾ ಅಲ್ಲ, ಭಾರತಕ್ಕೆಂದು ಇಳಿಸಿದ ತೂಕ. ತಲೆಯ ಮೇಲೆ ಹಿಂದೆ ಗಂಟಿರುವ ಪಟ್ಟಿ: ರಾಜ. ಸುತ್ತ ಗ್ರೀಕ್: 'ಬಸಿಲೆಓಸ್ ಸೋತೇರೋಸ್ ಮೆನಾಂದ್ರು', ಕಾಪಾಡುವ ರಾಜ ಮೆನಾಂಡರನ. ತಿರುಗಿಸಿ. ಸಿಡಿಲು ಎಸೆಯಲು ಕೈ ಎತ್ತಿದ ಅಥೆನಾ, ಸುತ್ತ ಬಲದಿಂದ ಎಡಕ್ಕೆ ಓದುವ ಖರೋಷ್ಠಿ ಲಿಪಿಯಲ್ಲಿ ಪ್ರಾಕೃತ: 'ಮಹರಜಸ ತ್ರತರಸ ಮೆನಂದ್ರಸ'. ಇಲ್ಲೂ ಷಷ್ಠಿ, ಅಲ್ಲೂ ಷಷ್ಠಿ. ಒಂದೇ ವಾಕ್ಯ ಎರಡು ಭಾಷೆಯಲ್ಲಿದ್ದದ್ದರಿಂದಲೇ 1830ರ ದಶಕದಲ್ಲಿ ಇಂಗ್ಲಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ ಮತ್ತು ಜೊತೆಯವರಿಗೆ ಖರೋಷ್ಠಿ ಓದಲು ದಾರಿ ಸಿಕ್ಕಿತು. ಕ್ರಿ.ಶ. 1ನೇ ಶತಮಾನದ ಒಂದು ಗ್ರೀಕ್ ನಾವಿಕರ ಕೈಪಿಡಿ, ಗುಜರಾತಿನ ಭರೂಚ್ ಬಂದರಿನಲ್ಲಿ ಆಗಲೂ ಮೆನಾಂಡರನ ಹಳೆಯ ಡ್ರಾಕ್ಮಾಗಳು ಚಲಾವಣೆಯಲ್ಲಿದ್ದವು ಎನ್ನುತ್ತದೆ.

ಆಮೇಲೆ ಅವನದೇ ಇನ್ನೊಂದು, ಅಪರೂಪದ ಡ್ರಾಕ್ಮಾ ಹುಡುಕಿ. ಅದರಲ್ಲಿ ರಾಜನ ಮುಖವಿಲ್ಲ. ಒಂದು ಬದಿಗೆ ಶಿರಸ್ತ್ರಾಣ ತೊಟ್ಟ ಅಥೆನಾ. ಇನ್ನೊಂದು ಬದಿಗೆ ಮೈ ಬಲಕ್ಕೆ, ಮುಖ ನಮ್ಮ ಕಡೆಗೆ ಮಾಡಿ ನಿಂತ ಗೂಬೆ, ಸುತ್ತ ಖರೋಷ್ಠಿ ಅಕ್ಷರ.